ಬೀಗತಿಯ ಜಾಗ

ಕಾರ್ತೀಕ ಮುಗಿಯಲಿಕ್ಕೆ ಬಂದಿತ್ತು. ತಿರ್ಲಾಪುರದ ಎರಿ ಹೊಲಗಳಲ್ಲಿ ಹತ್ತಿ ಒಡೆದು ಗಿಡದ ತುಂಬ ಜೋತುಬಿದ್ದಿತ್ತು. ಇಬ್ಬನಿ ಆರುವ ತನಕ ಗಿಡಕ್ಕೆ ಯಾರೂ ಕೈಹಚ್ಚುವಂತಿರಲಿಲ್ಲ. ಹಸಿ ಹತ್ತಿ ತೂಕಕ್ಕೆ ಚಲೋ, ಬಣ್ಣಕ್ಕೆ ಕೆಟ್ಟದ್ದು. ಶಿವಗಂಗವ್ವನ ಹತ್ತಿಗೆ ಅಣ್ಣಿಗೇರಿ ಪೇಟೆಯಲ್ಲಿ ಒಂದು ಹೆಸರಿತ್ತು. ಆಕೆಯ ಹತ್ತಿ ತುಂಬಿದ ಅಂಡಿಗೆಯನ್ನು ದಲಾಲರು ಕೈಹಾಕಿ ಬುಡದ ತನಕ ತಿರುವಿ ನೋಡುತ್ತಿರಲಿಲ್ಲ, ಮೇಲಿನದೇ ಕೆಳಗೂ ಇರುತ್ತದೆ ಎಂಬ ನಂಬಿಕೆ.

ಈ ಸಲ ಆಕೆ ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಆಳುಗಳಿಂದ ಹತ್ತಿ ಬಿಡಿಸುತ್ತಿದ್ದಳು. ಬಲಗಾಲಿನ ಮೊಣಕಾಲು ಬದಲಿಸಿ ಏಳು ವಾರ ಆಗಿದ್ದವು. ನಡೆಯಲು ಅಡ್ಡಿಯಿಲ್ಲ, ಕುಕ್ಕರಗಾಲಿನಲ್ಲಿ ಮಾತ್ರ ಕೂಡಬಾರದು ಎಂದಿದ್ದರು ಡಾಕ್ಟರು. ಹನ್ನೊಂದು ಮಂದಿ ಹೆಣ್ಣಾಳುಗಳು ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ಅವರನ್ನು ಕೂಡಿಸಿಕೊಂಡು ಬರುವವಳು ರಾಜಮಾಬಿ. ಓಣಿಯಲ್ಲಿ ಇಬ್ಬರ ಮನೆಯೂ ಗೋಡೆಗೆ ಗೋಡೆ, ಮೂವತ್ತು ವರ್ಷದ ಒಡನಾಟ. ಕುರ್ಚಿ ನೋಡಿದಾಗಿನಿಂದ ಆಕೆಗೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ ಬೇ ಅಕ್ಕಾ, ಪಂಚಾಯ್ತಿ ಅಧ್ಯಕ್ಷರಂಗ ಕುಂತೀ. ಒಂದ ಮೈಕ್ ತರಸ್ಲೇನು?"

"ತರಸು. ನಿನ್ನ ಸಾಲಿನ್ಯಾಗ ಎಷ್ಟ ಹತ್ತಿ ಉಳದೈತಿ ಅನ್ನೂದನ್ನ ಅದರಾಗ ಹೇಳ್ತೀನಿ," ಎಂದಳು ಶಿವಗಂಗವ್ವ.

ಹೆಂಗಸರು ನಕ್ಕರು. ರಾಜಮಾಬಿ ತಿರುಗಿ ಹೋಗಿ ಬಿಟ್ಟುಬಂದ ಎರಡು ಕಾಯಿ ಬಿಡಿಸಿದಳು. ಉಡಿ ತುಂಬಿದಾಗ ಬದುವಿಗೆ ಬಂದು ಹತ್ತಿ ಸುರುವಿ, ಅಲ್ಲಿಯೇ ಕುಳಿತು ನೀರು ಕುಡಿದಳು. ಆಮೇಲೆ ದನಿ ತಗ್ಗಿಸಿ, ತನ್ನ ಮನೆಯ ಸ್ಲ್ಯಾಬು ಹಾಕಲು ಗವಂಡಿ ದಿನ ಗೊತ್ತುಮಾಡಿದ್ದಾನೆ, ಇನ್ನು ಇಪ್ಪತ್ತೈದು ದಿನ ಅಷ್ಟೇ ಎಂದಳು. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ಶಿವಗಂಗವ್ವ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಸ್ಲ್ಯಾಬಿಗೆಂದು ಕೂಡಿಟ್ಟಿದ್ದ ನಲವತ್ತು ಸಾವಿರವನ್ನು ರಾಜಮಾಬಿಯೇ ಪಿಶವಿಯಲ್ಲಿ ಕಟ್ಟಿಕೊಂಡು ಹುಬ್ಬಳ್ಳಿಗೆ ತಂದುಕೊಟ್ಟಿದ್ದಳು.

ಅದಕ್ಕೂ ಮುಂಚಿನದನ್ನು ಇಲ್ಲಿ ಹೇಳಬೇಕು.

ಶಿವಗಂಗವ್ವನ ಮಗ ಈರೇಶ ಧಾರವಾಡದ ಕಡೆ ಒಂದು ಕಾರಖಾನೆಯಲ್ಲಿ ಮಶೀನು ನಡೆಸುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಸೊಸೆ ಸುನಿತಾ ನವಲಗುಂದದಲ್ಲಿ ಒಂದು ಬೀಜದ ಕಂಪನಿಯ ಆಫೀಸಿನಲ್ಲಿದ್ದಾಳೆ, ದಿನಾ ಬಸ್ಸಿಗೆ ಹೋಗಿಬರುತ್ತಾಳೆ. ಎರಡೂ ಕಂಪನಿಯವರು ತಮ್ಮ ನೌಕರರಿಗೆ ಆರೋಗ್ಯ ವಿಮೆ ಮಾಡಿಸಿದ್ದರು. ಎರಡು ಕಾರ್ಡಿನಲ್ಲಿಯೂ ಶಿವಗಂಗವ್ವನ ಹೆಸರಿತ್ತು, ಗಂಡ ಮಡಿವಾಳೆಪ್ಪನದೂ ಇತ್ತು. ದಸರೆಗೆ ಮುಂಚೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಭರ್ತಿಯಾಗುವಾಗ ಕೌಂಟರಿನ ಹುಡುಗಿ ಕೇಳಿದ್ದು ಒಂದೇ ಮಾತು: ಯಾವ ಕಾರ್ಡು ಮೊದಲು?

ಸುನಿತಾ ತನ್ನದನ್ನು ಇಡೋಣ ಎಂದಳು. ತನ್ನ ಕಂಪನಿಯ ವಿಮೆಯಲ್ಲಿ ಹಿರಿಯರಿಗೆ ಮೂರು ಲಕ್ಷದ ತನಕ ಸಿಗುತ್ತದೆ, ಒಂದರಲ್ಲಿಯೇ ಕೆಲಸ ಮುಗಿಯುತ್ತದೆ. ಈರೇಶನದರಲ್ಲಿ ತಂದೆ ತಾಯಿಗೆ ಒಂದೂವರೆ ಲಕ್ಷದ ಮಿತಿ, ಅದರಲ್ಲೂ ಹತ್ತರಲ್ಲಿ ಒಂದು ಪಾಲು ನಾವೇ ಭರಿಸಬೇಕು. ಲೆಕ್ಕ ಸರಳವಾಗಿತ್ತು. ಶಿವಗಂಗವ್ವ ಗಾಲಿಕುರ್ಚಿಯಲ್ಲಿ ಕುಳಿತೇ ತಲೆ ಅಲ್ಲಾಡಿಸಿದಳು.

"ಮಗಂದು ಮೊದಲು. ಸಾಲದಿದ್ರ ಹೊಲ್ದಾಗ ಹತ್ತಿ ಐತಿ. ನಿನ್ನ ಕಾರ್ಡು ಚೀಲದಾಗ ಇಡವಾ."

ಈ ಮಾತಿನ ಬೇರು ಆರು ವರ್ಷ ಹಿಂದಿನದು. ಈರೇಶನ ಲಗ್ನದ ಮರುದಿನ ದುಮ್ಮವಾಡದ ಬೀಗರು ಟೆಂಪೊ ತುಂಬ ಸಾಮಾನು ಕಳಿಸಿದ್ದರು. ಮಂಚ, ಗಾದಿ, ತಿಜೋರಿ, ಹಿತ್ತಾಳೆ ಕೊಡಗಳು, ಮಗಳ ಹೆಸರು ಕೊರೆಸಿದ ಭಾಂಡೆಗಳು. ಶಿವಗಂಗವ್ವ ಊರ ಅಗಸಿಯಲ್ಲಿಯೇ ನಿಂತು, ಒಂದು ಚಮಚೆಯನ್ನೂ ಇಳಿಸಗೊಡದೆ ಟೆಂಪೊ ತಿರುಗಿಸಿ ಕಳಿಸಿದ್ದಳು. ಹುಡುಗಿ ಬಂದಾಳ, ಅಷ್ಟ ಸಾಕು ಎಂದಿದ್ದಳು. ತಿರ್ಲಾಪುರದಲ್ಲಿ ಆ ಮಾತು ಇಂದಿಗೂ ಓಡಾಡುತ್ತದೆ. ಲಗ್ನದ ಮಾತುಕತೆ ಎಲ್ಲೇ ನಡೆಯಲಿ, ಯಾರಾದರೂ ಒಬ್ಬರು ಶಿವಗಂಗವ್ವನ ಟೆಂಪೊ ನೆನೆಸುತ್ತಾರೆ. ಆಕೆಯೂ ಅಲ್ಲಗಳೆಯುವುದಿಲ್ಲ. ಬೀಗರ ಮನೆಯ ಋಣ ತನ್ನ ಹೊಸ್ತಿಲು ದಾಟಿಲ್ಲ ಎಂಬ ಮಾತನ್ನು, ಬೇರೆ ಹೆಂಗಸರು ಬಂಗಾರ ಹಾಕಿಕೊಂಡಂತೆ, ಆಕೆ ಹಾಕಿಕೊಂಡು ತಿರುಗುತ್ತಿದ್ದಳು. ಸೊಸೆಯ ಪಗಾರವನ್ನು ಕೂಡ ಸೊಸೆಯ ಖಾತೆಯಲ್ಲಿಯೇ ಬಿಟ್ಟಿದ್ದಳು. ಹೀಗಿರುವಾಗ ತನ್ನ ಮೊಣಕಾಲನ್ನು ಸೊಸೆಯ ಕಾರ್ಡಿನ ಮೇಲೆ ಮಾಡಿಸಿಕೊಂಡರೆ ನಾಳೆ ಹೇಳಿಕೊಳ್ಳಲಿಕ್ಕೆ ಏನು ಉಳಿಯಿತು?

ಬಿಲ್ಲು ಎರಡು ಲಕ್ಷದ ಹನ್ನೆರಡು ಸಾವಿರ ಆಯಿತು. ಈರೇಶನ ವಿಮೆಯವರು ಒಂದು ಲಕ್ಷದ ಮೂವತ್ತೈದು ಸಾವಿರವನ್ನು ನೇರ ಆಸ್ಪತ್ರೆಗೆ ಕೊಟ್ಟರು. ಉಳಿದ ಎಪ್ಪತ್ತೇಳು ಸಾವಿರದಲ್ಲಿ ಮೂವತ್ತೇಳು ಹೆಸರುಕಾಳು ಮಾರಿದ ದುಡ್ಡು, ನಲವತ್ತು ರಾಜಮಾಬಿಯದು.

ಆಪರೇಶನ್ ಆದ ಮೂರನೆಯ ದಿನ ಬೀಗತಿ ಮಹಾಲಕ್ಷ್ಮವ್ವ ನೋಡಲು ಬಂದಿದ್ದಳು. ದುಮ್ಮವಾಡದಲ್ಲಿ ಆಕೆಯದೊಂದು ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಹೊಲವನ್ನು ಮಗ ಹುಲಿಗೇಶ ನೋಡಿಕೊಂಡ, ಗಿರಣಿಯನ್ನು ಆಕೆ ಹಿಡಿದಳು. ಆಸ್ಪತ್ರೆಯ ಲಿಫ್ಟು ಅಂದು ಕೆಟ್ಟಿತ್ತು. ರೊಟ್ಟಿಗಂಟು ಹಿಡಿದು ಎರಡು ಮಾಳಿಗೆ ಏರುವಷ್ಟರಲ್ಲಿ ಆಕೆ ಮೆಟ್ಟಿಲ ಮೇಲೆ ಮೂರು ಸಲ ಕುಳಿತಳಂತೆ. ಕೋಣೆಗೆ ಬಂದಾಗಲೂ ಎಡಗಾಲು ಎಳೆಯುತ್ತಿದ್ದಳು. ಶಿವಗಂಗವ್ವ ಮಂಚದ ಮೇಲಿಂದ, ನೀವೂ ಮಾಡಿಸಿಬಿಡ್ರಿ ಅಕ್ಕಾರ, ಅಂಜೂದೇನೈತಿ ಎಂದು ದೊಡ್ಡ ಮನಸ್ಸಿನಿಂದ ಹೇಳಿದಳು. ಗಿರಣಿ ಬಿಟ್ಟು ಹೆಂಗ ಮಲಗ್ಲಿ, ಮುಂದ ನೋಡೂಣು ಎಂದು ಮಹಾಲಕ್ಷ್ಮವ್ವ ರೊಟ್ಟಿಗಂಟು ಬಿಚ್ಚಿದಳು.

ರಾಜಮಾಬಿ ಸ್ಲ್ಯಾಬಿನ ಮಾತೆತ್ತಿದ ದಿನ ಸಂಜೆ ಶಿವಗಂಗವ್ವ ಹತ್ತಿ ಮಾರುವ ವಿಚಾರ ತೆಗೆದಳು. ಮಡಿವಾಳೆಪ್ಪ ಬೇಡವೆಂದ. ಪೇಟೆಯಲ್ಲಿ ದರ ಬಿದ್ದಿದೆ, ಈಗ ಮಾರಿದರೆ ಕ್ವಿಂಟಲಿಗೆ ಎಂಟುನೂರು ಕೈಬಿಟ್ಟ ಹಾಗೆ, ಸಂಕ್ರಮಣದ ತನಕ ತಡೆ ಎಂದ. ಅವನು ಮೆತ್ತನೆಯ ಮನುಷ್ಯ, ವರ್ಷಕ್ಕೆ ಎರಡು ಸಲ ಹೀಗೆ ಗಟ್ಟಿಯಾಗಿ ಮಾತಾಡುತ್ತಾನೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುನಿತಾ ಕೈ ನಿಲ್ಲಿಸದೆ, ಒಂದು ಮಾತು ಹೇಳಲೇನು ಎಂದಳು.

ಅತ್ತೆ ಭರ್ತಿಯಾದ ದಿನವೇ ಆಕೆ ತನ್ನ ಕಂಪನಿಯ ವಿಮೆಯವರಿಗೂ ಒಂದು ಮೇಲ್ ಕಳಿಸಿದ್ದಳು: ಇಂಥವರು ಇಂಥಲ್ಲಿ ಭರ್ತಿಯಾಗಿದ್ದಾರೆ, ಮೊದಲ ಕ್ಲೇಮು ಇನ್ನೊಂದು ವಿಮೆಯಲ್ಲಿದೆ, ಬಾಕಿ ಉಳಿದರೆ ನಿಮ್ಮಲ್ಲಿ ಕೇಳುತ್ತೇವೆ. ಮೊದಲೇ ತಿಳಿಸದಿದ್ದರೆ ಆಮೇಲೆ ಕೇಳಲು ಬರುವುದಿಲ್ಲ. ಕಾಗದ ಕೊಡಲು ಬಿಡುಗಡೆಯಾದಂದಿನಿಂದ ಅರವತ್ತು ದಿನ. ಅದರಲ್ಲಿ ಹದಿನೈದು ಉಳಿದಿದ್ದವು.

ಶಿವಗಂಗವ್ವಗೆ ಸಿಟ್ಟು ಬಂತು. ತನ್ನ ಮಾತು ಮೀರಿದ್ದಕ್ಕಿಂತ, ಮೀರಿ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ. ಆದರೆ ಆಕೆ ಕೇಳಿದ್ದು ಬೇರೆ. ಒಂದು ಕಾಲಿಗೆ ಎರಡು ಕಡೆ ರೊಕ್ಕ ತಗೊಂಡರೆ ಅದು ಕಳವಲ್ಲವೇ ಎಂದಳು. ಸುನಿತಾ ಕೈ ತೊಳೆದು ಬಂದು ಕುಳಿತಳು. ಎರಡೂ ಕಡೆ ಪೂರಾ ಬಿಲ್ಲು ಕೇಳಿದರೆ ಕಳವೇ ಎಂದಳು. ಇಲ್ಲಿ ಹಾಗಲ್ಲ. ಅಸಲು ಬಿಲ್ಲುಗಳು ಮೊದಲಿನವರ ಕಡೆ ಹೋಗಿವೆ. ತಾವು ಎಷ್ಟು ಕೊಟ್ಟೆವು, ಎಷ್ಟು ಬಿಟ್ಟೆವು ಎಂದು ಅವರು ಒಂದು ಪತ್ರ ಕೊಡುತ್ತಾರೆ. ಆ ಪತ್ರ, ಆಸ್ಪತ್ರೆಯ ಶಿಕ್ಕೆ ಹೊಡೆದ ಬಿಲ್ಲಿನ ನಕಲು, ನಾವು ಕಟ್ಟಿದ ಎಪ್ಪತ್ತೇಳು ಸಾವಿರದ ಪಾವತಿ, ಇಷ್ಟನ್ನೂ ಮುಂದಿಟ್ಟು ಬಾಕಿ ಇದ್ದುದನ್ನಷ್ಟೇ ಎರಡನೆಯವರಲ್ಲಿ ಕೇಳುವುದು. ಎರಡೂ ಸೇರಿ ಬಿಲ್ಲಿಗಿಂತ ಒಂದು ರೂಪಾಯಿ ಹೆಚ್ಚು ಬರುವುದಿಲ್ಲ, ಯಾರಿಂದಲೂ ಏನೂ ಮುಚ್ಚಿಡುವುದಿಲ್ಲ.

"ಒಂದ ಚಕ್ಕಡಿ ಹತ್ತಿ ಇಬ್ಬರ ದಲಾಲರಿಗೆ ಹಾಕಿದಂಗ," ಎಂದ ಮಡಿವಾಳೆಪ್ಪ. "ಮೊದಲಿನಾಂವ ಅರ್ಧ ತೂಗಿ ಪಟ್ಟಿ ಕೊಟ್ಟ. ಆ ಪಟ್ಟಿ ತೋರಿಸಿ ಉಳಿದದ್ದು ಇನ್ನೊಬ್ಬಗ ತೂಗೂದು. ಇದರಾಗ ಕಳವು ಎಲ್ಲಿ ಬಂತು?"

ರಾತ್ರಿ ಉಣ್ಣುವಾಗಲೂ ಶಿವಗಂಗವ್ವನ ತಲೆಯಲ್ಲಿ ಅದೇ ಇತ್ತು. ಸೊಸೆಯ ಕಂಪನಿಯ ರೊಕ್ಕ ಬೀಗರ ರೊಕ್ಕವಲ್ಲ, ಸೊಸೆ ದುಡಿದದ್ದರ ಫಲ, ಸೊಸೆ ತನ್ನ ಮನೆಯಾಕೆ ಎಂದು ತನ್ನೊಳಗೇ ಹಲವು ಸಲ ತೂಗಿ ನೋಡಿದಳು. ಗೋಡೆಯಾಚೆ ರಾಜಮಾಬಿಯ ಮನೆಯಲ್ಲಿ ತಗಡಿನ ಮಾಡು ಗಾಳಿಗೆ ಬಡಿಯುತ್ತಿತ್ತು. ಕೊನೆಗೆ ಆಗಲಿ ಎಂದಳು.

ಈರೇಶ ಶನಿವಾರ ಬರುವಾಗ ಪತ್ರ ತಂದ. ನಕಲುಗಳಿಗೆ ಶಿಕ್ಕೆ ಹಾಕಿಸಲು ಸುನಿತಾ ಒಂದು ದಿನ ರಜೆ ಹಾಕಿ ಹುಬ್ಬಳ್ಳಿಗೆ ಹೋಗಿಬಂದಳು. ಫಾರ್ಮಿನಲ್ಲಿ ರೋಗಿಯ ಸಹಿಯೂ ಬೇಕಿತ್ತು. ಮನೆಗೇ ತರುತ್ತೇನೆ ಎಂದಳು ಸೊಸೆ. ಕೇಳುವುದೇ ಆದರೆ ತಾನೇ ಹೋಗಿ ಕೇಳುತ್ತೇನೆ ಎಂದಳು ಅತ್ತೆ. ಇಳಕಲ್ ಸೀರೆ ಉಟ್ಟು, ಕೋಲು ಬೇಡವೆಂದು ಬಿಟ್ಟು, ನವಲಗುಂದದ ಬಸ್ಸು ಹತ್ತಿದಳು.

ಆಫೀಸು ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಾಳಿಗೆ ಮೇಲೆ ಇತ್ತು. ಮೆಟ್ಟಿಲನ್ನು ಹೊಸ ಕಾಲಿನಿಂದ ಮೊದಲು, ಹಳೆಯದರಿಂದ ಆಮೇಲೆ ಹೀಗೆ ಏರಿದಳು. ಹಳೆಯದೂ ಒಂದು ವರ್ಷ ತಡೆದೀತು, ಆಮೇಲೆ ಅದನ್ನೂ ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರು. ಮ್ಯಾನೇಜರ ಕಾಶಿನಾಥ ಎದ್ದು ಬಂದು ಕುರ್ಚಿ ಹಾಕಿದ. ಐವತ್ತರ ಆಸುಪಾಸಿನ, ಮಾತು ಹೆಚ್ಚಿನ ಮನುಷ್ಯ. ಚಹಾ ತರಿಸಿ, ಸುನಿತಾಳ ಕೆಲಸ ಹೊಗಳಿದ. ಈ ತಾಲೂಕಿನಲ್ಲಿ ಯಾವ ರೈತನಿಗೆ ಯಾವ ಬೀಜ ಹೋಗಿದೆ ಎಂಬುದು ಅವರಿಗೆ ಬಾಯಿಪಾಠ ಎಂದ. ಶಿವಗಂಗವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಸಹಿ ಮಾಡಿದಳು, ನಾಲ್ಕನೆಯ ಇಯತ್ತೆಯಲ್ಲಿ ಕಲಿತ ದುಂಡನೆಯ ಅಕ್ಷರ.

ಕಾಶಿನಾಥ ಫಾರ್ಮನ್ನು ತಿರುವಿ ನೋಡಿ, ಹೊಗಳುವ ಹುರುಪಿನಲ್ಲಿಯೇ ಹೇಳಿದ:

"ಅವ್ವಾರ, ನೀವು ಪುಣ್ಯವಂತರ್ರಿ. ನಮ್ಮಲ್ಲಿ ಒಂದ ಜೋಡಿ ಹಿರೇರಿಗೆ ಅಷ್ಟ ಜಾಗ, ಅಪ್ಪ ಅವ್ವ ಇಲ್ಲಾಂದ್ರ ಅತ್ತಿ ಮಾವ. ಹೆಣ್ಣಮಕ್ಕಳು ನೌಕರಿಗೆ ಸೇರಿದ್ರ ಎಲ್ಲಾರೂ ತಮ್ಮ ಅಪ್ಪ ಅವ್ವನ ಹೆಸರು ಬರಸ್ತಾರ. ನಿಮ್ಮ ಸೊಸಿ ಒಬ್ಬಾಕಿನ ಅತ್ತಿ ಮಾವಂದು ಬರಸ್ಯಾರ."

ಸುನಿತಾ ತಟ್ಟನೆ ಕಪಾಟಿನ ಕಡೆ ತಿರುಗಿ ಏನೋ ಕಾಗದ ಹುಡುಕಹತ್ತಿದಳು. ಶಿವಗಂಗವ್ವ ಚಹಾದ ಕಪ್ಪು ಕೆಳಗಿಟ್ಟಳು. ಹೊರಗಿನವರ ಮುಂದೆ ಕೇಳುವ ಮಾತಲ್ಲ ಎಂದು ತಡೆದುಕೊಂಡು, ಆ ಜಾಗದಲ್ಲಿ ಒಬ್ಬರ ಬದಲು ಇನ್ನೊಬ್ಬರ ಹೆಸರು ಬರೆಸಲಿಕ್ಕೆ ಬರುತ್ತದೆಯೇ ಎಂದಷ್ಟೇ ಕೇಳಿದಳು. ವರ್ಷಕ್ಕೊಮ್ಮೆ, ವಿಮೆ ಹೊಸದಾಗುವಾಗ ಹತ್ತು ದಿನ ಅವಕಾಶ ಕೊಡುತ್ತಾರೆ, ಡಿಸೆಂಬರ್ ಕೊನೆಗೆ ಎಂದ ಕಾಶಿನಾಥ. ಸೇರಿದ ದಿನದಿಂದ ಹಳೆ ಬೇನೆಗೂ ಸಿಗುತ್ತದೆ ಎಂದೂ ಸೇರಿಸಿದ.

ತಿರುಗಿ ಬರುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಊರು ದಾಟಿ ಕಡಲೆ ಹೊಲಗಳು ಬಂದ ಮೇಲೆ ಶಿವಗಂಗವ್ವ ಕೇಳಿದಳು.

"ನಿಮ್ಮವ್ವಗ ಇದು ಗೊತ್ತೈತೇನು?"

"ಆಕಿನ ಹೇಳಿದ್ದು ರೀ."

"ಏನಂತ?"

ಸುನಿತಾ ಒಂದೇ ಉಸಿರಿನಲ್ಲಿ ಹೇಳಿದಳು.

"ಲಗ್ನದಾಗ ಟೆಂಪೊ ತಿರುಗಿ ಬಂತಲ್ರಿ ಅತ್ತಿ. ಇಲ್ಲಿ ಎಲ್ಲಾರೂ ನಿಮ್ಮನ್ನ ಹೊಗಳಿದ್ರು. ಅಲ್ಲಿ ನಮ್ಮವ್ವ ಎರಡ ದಿನ ಉಣ್ಣಲಿಲ್ಲ. ಗಂಡ ಇಲ್ಲದಾಕಿ, ಮಗಳಿಗೆ ಕೊಟ್ಟದ್ದು ಬೀಗರ ಮನಸಿಗೆ ಬರಲಿಲ್ಲಂತ ಅಂತ ಓಣ್ಯಾಗ ಆಡಿಕೊಂಡ್ರು. ನಾಕು ವರ್ಷದ ಹಿಂದ ನಾ ನೌಕರಿಗೆ ಸೇರಿದಾಗ ಈ ಫಾರ್ಮು ಬಂತು. ನಿನ್ನ ಹೆಸರು ಬರೀಲೇನು ಅಂತ ಆಕೀಗೆ ಫೋನ್ ಹಚ್ಚಿದೆ. ಬ್ಯಾಡ, ಅವರದು ಬರಿ, ನಾ ಬಿಟ್ಟುಕೊಟ್ಟದ್ದು ಅವರಿಗೆ ಗೊತ್ತಾಗೂದ ಬ್ಯಾಡ, ಇದೊಂದನ್ನರ ತಿರುಗಿ ಕಳಸಾಕ ಬರೂದಿಲ್ಲ ಅಂದ್ಲು."

ಶಿವಗಂಗವ್ವ ಕೈಯಲ್ಲಿದ್ದ ತಿಕೀಟನ್ನು ಸಣ್ಣಗೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ನಾಲ್ಕು ವರ್ಷದಿಂದ ತಾನು ಊರ ಮುಂದೆ ಹಾಕಿಕೊಂಡು ತಿರುಗಿದ್ದು ಸುಳ್ಳಾಗಿತ್ತು. ಗೊತ್ತಿಲ್ಲದೆ ಆದ ಸುಳ್ಳು, ಆದರೂ ಸುಳ್ಳೇ. ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರು ಸಲ ಕುಳಿತು ಬಂದ ಹೆಂಗಸಿಗೆ ತಾನು ಮಂಚದ ಮೇಲಿಂದ ಉಪದೇಶ ಹೇಳಿದ್ದು ನೆನಪಾಗಿ ಮುಖ ಬಿಸಿಯಾಯಿತು. ಟೆಂಪೊ ತಿರುಗಿಸಿದ ದಿನ ದುಮ್ಮವಾಡದಲ್ಲಿ ಅದನ್ನು ಇಳಿಸಿಕೊಂಡವರು ಯಾರು, ಹೇಗೆ ಇಳಿಸಿಕೊಂಡರು ಎಂದು ಆರು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಅದರ ಬೆನ್ನಿಗೇ, ತನಗೇ ಆಶ್ಚರ್ಯವಾಗುವ ಹಾಗೆ, ಆ ಹೆಂಗಸಿನ ಮೇಲೆ ಒಂದು ನಮೂನೆ ಅಭಿಮಾನ ಹುಟ್ಟಿತು. ತನಗೆ ಸರಿಸಮ ಬೀಗತಿಯೇ ಸಿಕ್ಕಿದ್ದಾಳೆ ಅನ್ನಿಸಿತು.

ಎರಡು ವಾರಕ್ಕೆ, ಸ್ಲ್ಯಾಬಿನ ದಿನಕ್ಕೆ ಮುಂಚೆಯೇ, ರೊಕ್ಕ ಬಂತು. ಎಪ್ಪತ್ತೇಳರಲ್ಲಿ ಕೈಗವಸು, ಊಟ, ಇಂಥವನ್ನು ಕಳೆದು ಎಪ್ಪತ್ತೊಂದು ಸಾವಿರದ ನಾನೂರು. ಶಿವಗಂಗವ್ವ ಅಂದೇ ನಲವತ್ತು ಸಾವಿರವನ್ನು ರಾಜಮಾಬಿಯ ಉಡಿಗೆ ಹಾಕಿದಳು. ಹೊಲದಲ್ಲಿ, ಹನ್ನೊಂದು ಮಂದಿಯ ಎದುರಿಗೆ ಹಾಕಿದಳು. ಇದು ಎಲ್ಲಿಯ ರೊಕ್ಕ ಎಂಬುದನ್ನೂ ಮುಚ್ಚಲಿಲ್ಲ: ಬೀಗತಿ ತನ್ನ ಹೆಸರಿನ ಜಾಗ ಬಿಟ್ಟುಕೊಟ್ಟಿದ್ದರಿಂದ ಬಂದದ್ದು, ಇಷ್ಟು ವರ್ಷ ತಾನು ಬೀಗರಿಂದ ಏನೂ ತಗೊಂಡಿಲ್ಲ ಅನ್ನುತ್ತಿದ್ದುದು ತಪ್ಪು ಎಂದಳು. ರಾಜಮಾಬಿ ನೋಟು ಎಣಿಸದೆ ಕಟ್ಟಿಕೊಂಡಳು.

"ಇಷ್ಟ ದಿನ ಟೆಂಪೊ ಸುದ್ದಿ ಕೇಳಿ ಕೇಳಿ ಸಾಕಾಗಿತ್ತ ಬೇ," ಎಂದಳು. "ಈಗ ಹೊಸಾದೊಂದು ಸಿಕ್ಕಿತು."

ಎಳ್ಳ ಅಮವಾಸ್ಯೆಗೆ ವಾರ ಇರುವಾಗ ಸುನಿತಾಳ ಆಫೀಸಿನಲ್ಲಿ ಹೆಸರು ಬದಲಿಸುವ ಆ ಹತ್ತು ದಿನ ಶುರುವಾದವು. ಶಿವಗಂಗವ್ವ ಮನೆಯಲ್ಲಿ ತನ್ನ ತೀರ್ಮಾನ ಹೇಳಿದಳು. ಈರೇಶ ಎಡಗಾಲಿನ ನೆನಪು ಮಾಡಿದ. ಸುನಿತಾಳ ಕಾರ್ಡಿನಿಂದ ಹೆಸರು ತೆಗೆದರೆ ಮುಂದಿನ ಆಪರೇಶನ್ನಿಗೆ ತನ್ನ ಒಂದೂವರೆ ಲಕ್ಷವೊಂದೇ, ಉಳಿದದ್ದು ಕೈಯಿಂದ ಹೋಗುತ್ತದೆ ಎಂದ. ಗೊತ್ತೈತಿ ಎಂದಳು. ಮಡಿವಾಳೆಪ್ಪ ಅಡಕೆ ಕತ್ತರಿಸುತ್ತ, ಜೋಡಿಯೊಳಗೆ ತಾನೂ ಒಬ್ಬ ಇದ್ದೇನೆ, ತನ್ನನ್ನು ಯಾರೂ ಕೇಳಲೇ ಇಲ್ಲ ಎಂದು ದೂರಿದ. ನೀನು ಮಗನ ಕಾರ್ಡಿನ್ಯಾಗ ಗಟ್ಟಿ ಅದೀ, ಸುಮ್ಕಿರು ಎಂದಳು ಶಿವಗಂಗವ್ವ.

ರವಿವಾರ ಅತ್ತೆ ಸೊಸೆ ದುಮ್ಮವಾಡಕ್ಕೆ ಹೋದರು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕಲಘಟಗಿಯಲ್ಲಿ ಮತ್ತೊಮ್ಮೆ ಬದಲಿಸಿ, ಊರು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಗಿರಣಿ ಓಡುತ್ತಿತ್ತು. ಹೊರಗೆ ಡಬ್ಬಿಗಳ ಪಾಳಿ. ಒಳಗೆ ಮಹಾಲಕ್ಷ್ಮವ್ವ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು, ಬಲಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಇವರನ್ನು ಕಂಡು ಗಾಬರಿಯಾಗಿ ಗಿರಣಿಯ ಪಟ್ಟಾ ನಿಲ್ಲಿಸಿದಳು. ಯಾರಿಗೆ ಏನಾಯಿತು ಎಂಬುದು ಆಕೆಯ ಮೊದಲ ಮಾತು.

ಶಿವಗಂಗವ್ವ ಜೋಳದ ಚೀಲದ ಮೇಲೆ ಕುಳಿತು, ಸುನಿತಾಳ ಕೈಯಿಂದ ಫಾರ್ಮು ಇಸಿದುಕೊಂಡು ಮುಂದೆ ಹಿಡಿದಳು. ಏನೆಂದು ಸುನಿತಾ ಬಿಡಿಸಿ ಹೇಳಿದಳು. ಮಹಾಲಕ್ಷ್ಮವ್ವ ಮಗಳನ್ನೊಮ್ಮೆ ನೋಡಿದಳು. ಮುಖ ಇಳಿದುಹೋಯಿತು.

"ಇದನ್ನೂ ತಿರುಗಿ ಕಳಸಾಕತ್ತೀರೇನ್ರಿ ಅಕ್ಕಾರ?"

"ಇಲ್ರಿ," ಎಂದಳು ಶಿವಗಂಗವ್ವ. "ನಾಕು ವರ್ಷ ನಿಮ್ಮ ಜಾಗದಾಗ ಕುಂತೀನಿ. ಎಪ್ಪತ್ತೊಂದು ಸಾವಿರ ತಗೊಂಡೀನಿ. ಅದನ್ನ ನಾ ತೀರಸೂದಿಲ್ಲ. ನಮ್ಮೂರಾಗ ಎಲ್ಲಾರಿಗೂ ಹೇಳೀನಿ, ನಾ ಬೀಗರಿಗೆ ಕೊಡೂದೈತಿ, ಕೊಡೂದಿಲ್ಲ ಅಂತ. ಆದ್ರ ಜಾಗದ ಮಾತು ಬ್ಯಾರೆ. ಅದು ಯಾರ ಕಾಲು ನೋಯತಾವೋ ಅವರದು. ಆಧಾರ ಕಾರ್ಡು ತರ್ರಿ."

ಮಹಾಲಕ್ಷ್ಮವ್ವ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಒರೆಸಿದ್ದು ಹಿಟ್ಟನ್ನಷ್ಟೇ ಅಲ್ಲ. ನಿಮ್ಮ ಎಡಗಾಲು ಎಂದು ಶುರುಮಾಡಿದಳು. ಅದಕ್ಕೆ ಮಗನ ಕಾರ್ಡಿದೆ, ಸಾಲದ್ದಕ್ಕೆ ಹತ್ತಿ ಇದೆ ಎಂದು ಶಿವಗಂಗವ್ವ ಮಾತು ಮುಗಿಸಿದಳು. ಗಿರಣಿಯ ಚಿಂತೆಗೂ ಉತ್ತರ ತಂದಿದ್ದಳು. ಮಲಗಿದ ಒಂದು ತಿಂಗಳು ಹುಲಿಗೇಶ ನಿಲ್ಲಲಿ, ಆಗದ ದಿನ ತಾನೇ ಬಂದು ನಿಲ್ಲುತ್ತೇನೆ, ನಿಲ್ಲಲು ತನಗೀಗ ಹೊಸ ಕಾಲಿದೆ ಎಂದಳು.

ಕಾರ್ಡು ಬಂತು. ಸುನಿತಾ ಡಬ್ಬಿಯೊಂದರ ಮುಚ್ಚಳದ ಮೇಲೆ ಫಾರ್ಮು ಇಟ್ಟುಕೊಂಡು ತುಂಬಹತ್ತಿದಳು. ಕಾರ್ಡಿನಲ್ಲಿ ತನಗೆ ಎರಡು ವರ್ಷ ಹೆಚ್ಚು ಹಾಕಿದ್ದಾರೆ ಎಂದು ಮಹಾಲಕ್ಷ್ಮವ್ವ ದೂರಿದಳು. ಇರಲಿ ಬಿಡ್ರಿ, ಹಂಗಾದ್ರ ನಾ ಸಣ್ಣಾಕಿ ಆದೆ ಎಂದಳು ಶಿವಗಂಗವ್ವ. ಹೊರಗೆ ಪಾಳಿಯಲ್ಲಿದ್ದ ಒಬ್ಬ ಮುದುಕಿ, ಗಿರಣಿ ಯಾಕೆ ನಿಂತಿತು, ಚೀಲದ ಮೇಲೆ ಕುಳಿತಾಕೆ ಯಾರು ಎಂದು ಕೂಗಿ ಕೇಳಿದಳು.

ಮಹಾಲಕ್ಷ್ಮವ್ವ ಬಾಗಿಲಿಗೆ ಬಂದಳು. ಎಡಗಾಲು ಎಳೆಯುತ್ತಲೇ ಬಂದಳು, ಆದರೆ ಬೆನ್ನು ನೆಟ್ಟಗಿತ್ತು. ಪಾಳಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮ್ಮ ಬೀಗತಿಯವರು, ತಿರ್ಲಾಪುರದವರು. ಇವರಿಂದ ನನಗ ಬರೂದೈತಿ."

"ಹೌದ್ರಿ," ಎಂದಳು ಶಿವಗಂಗವ್ವ ಚೀಲದ ಮೇಲೆ ಕುಳಿತಲ್ಲಿಂದಲೇ, "ಕೊಡೂದೈತಿ."